ಗೆದ್ದದ್ದು ಯಾರನ್ನು, ಯಾವಾಗ?

ಪತ್ರ: ಸಂಪಾದಕರೇ, ಕಳೆದ ಸಂಚಿಕೆಯ ಬಾಕ್ಸಿಂಗ್ ಲೇಖನದಲ್ಲಿ ಫ್ಲಾಯ್ಡ್ ಮೇವೆದರ್ ‘ಎದುರಾಳಿಗಳನ್ನು ಆರಿಸಿ ಆರಿಸಿ ಗುದ್ದಿದವನು’ ಎಂದು ಬರೆದಿದ್ದೀರಿ. ಐವತ್ತು ಪಂದ್ಯ, ಐವತ್ತು ಗೆಲುವು. ಇನ್ನೇನು ಬೇಕು ನಿಮಗೆ? ಎದುರಿಗೆ ನಿಂತವನು ಸೋತರೆ ಅದು ಗೆದ್ದವನ ತಪ್ಪೇ? ಕ್ರಿಕೆಟ್‌ನಲ್ಲಿ ಸೆಂಚುರಿ ಹೊಡೆದವನನ್ನು ‘ಬೌಲರ್ ಯಾರಪ್ಪ’ ಎಂದು ಯಾರೂ ಕೇಳುವುದಿಲ್ಲ. ಮೆಕ್ಸಿಕೊದ ಬಾಕ್ಸರ್ ಕ್ಯಾನೆಲೊ ಬಗ್ಗೆಯೂ ಇದೇ ರಾಗ ಹಾಡುತ್ತೀರಾ?
— ಓದುಗ, ದಾವಣಗೆರೆ

ಸಂಪಾದಕರ ಉತ್ತರ:

ಸಿಟ್ಟಿನಲ್ಲಿ ಬರೆದರೂ ಪ್ರಶ್ನೆ ಸರಿಯಾದ ಜಾಗಕ್ಕೇ ನೆಟ್ಟಿದೆ. ಮೊದಲು ಕ್ರಿಕೆಟ್ ವಿಷಯ ಮುಗಿಸೋಣ. ಯಾರೂ ಕೇಳುವುದಿಲ್ಲ ಎಂದಿರಿ, ಕೇಳುತ್ತಾರೆ ಸ್ವಾಮಿ. ಗವಾಸ್ಕರ್ ವೆಸ್ಟ್ ಇಂಡೀಸ್ ವಿರುದ್ಧ ಹೊಡೆದ 13 ಸೆಂಚುರಿಗಳಲ್ಲಿ ನಾಲ್ಕು 1978-79ರ ಸರಣಿಯವು, ಆಗ ಆ ತಂಡದ ಘಟಾನುಘಟಿಗಳೆಲ್ಲ ಪ್ಯಾಕರ್‌ನ ಬಂಡಾಯ ಕ್ರಿಕೆಟ್ ಕಡೆ ಹೋಗಿದ್ದರು ಎಂಬ ತಕರಾರು ಇವತ್ತಿಗೂ ನಿಂತಿಲ್ಲ. ಆದರೆ ಗವಾಸ್ಕರ್ ಮೇಲೆ ಆ ತಕರಾರು ಅಂಟುವುದಿಲ್ಲ. ಅವರಿಗೆ ಬೌಲರ್‌ನನ್ನು ಆರಿಸುವ ಹಕ್ಕಿರಲಿಲ್ಲ. ಬಾಕ್ಸಿಂಗ್ ಚಾಂಪಿಯನ್‌ಗೆ ಆ ಹಕ್ಕಿದೆ. ಯಾರ ಜೊತೆ, ಯಾವ ತಿಂಗಳು, ಎಷ್ಟು ತೂಕಕ್ಕೆ, ಎಷ್ಟು ಅಡಿಯ ರಿಂಗಿನಲ್ಲಿ, ಎಷ್ಟು ಔನ್ಸಿನ ಗ್ಲೌಸ್ ತೊಟ್ಟು ಎಂಬ ಒಂದೊಂದೂ ಕರಾರು ಪತ್ರದಲ್ಲಿ ಬರೆದು ಅವನು ಸಹಿ ಹಾಕಿದ ಮೇಲೆಯೇ ಗಂಟೆ ಬಾರಿಸುವುದು. ತಾನೇ ಸಹಿ ಹಾಕಿದ ಆಯ್ಕೆಗೆ ಉತ್ತರ ಕೊಡಬೇಕಾದವನೂ ಅವನೇ.

ನಿಮ್ಮ ಪಕ್ಷದಲ್ಲೂ ನ್ಯಾಯವಿದೆ, ಒಪ್ಪುತ್ತೇನೆ. ತಲೆಗೆ ಏಟು ತಿನ್ನುವವನು ಅವನು, ನಾವಲ್ಲ. ಕಡಿಮೆ ಅಪಾಯಕ್ಕೆ ಹೆಚ್ಚು ಹಣ ಬರುವ ದಾರಿ ಹಿಡಿದರೆ ಅವನ ಮನೆಯವರು ಸಂತೋಷಪಡುತ್ತಾರೆ, ಪಡಬೇಕಾದ್ದೇ. ಪ್ರೊಮೋಟರ್‌ಗಳ ಜಗಳ, ಟೀವಿ ಚಾನೆಲ್‌ಗಳ ಜಗಳದ ನಡುವೆ ಎಷ್ಟೋ ಪಂದ್ಯಗಳು ಹುಟ್ಟುವ ಮೊದಲೇ ಸಾಯುತ್ತವೆ, ಅದಕ್ಕೆಲ್ಲ ಬಾಕ್ಸರ್ ಒಬ್ಬನನ್ನೇ ದೂರುವಂತಿಲ್ಲ. ಆದರೆ ನೀವು ಕೇಳಿದ್ದು ಅವನ ಸಂಪಾದನೆಯ ಬಗ್ಗೆ ಅಲ್ಲ, ಇತಿಹಾಸದಲ್ಲಿ ಅವನ ಜಾಗದ ಬಗ್ಗೆ.

ಆಯ್ಕೆ ಹೇಗೆ ನಡೆಯುತ್ತದೆ ಎಂಬುದು ಗೊತ್ತಿರದೆ ಈ ಚರ್ಚೆ ಮುಂದೆ ಹೋಗದು. ಬೆಲ್ಟ್, ಅಂದರೆ ಚಾಂಪಿಯನ್ ಪಟ್ಟ ಇದ್ದವನಿಗೆ ಎರಡು ಬಗೆಯ ಪಂದ್ಯಗಳಿವೆ. ಒಂದು ಐಚ್ಛಿಕ: ಆ ಪಟ್ಟ ಕೊಡುವ ಸಂಸ್ಥೆಯ ಶ್ರೇಯಾಂಕ ಪಟ್ಟಿಯಲ್ಲಿ ಮೊದಲ 15ರೊಳಗಿನ ಯಾರನ್ನು ಬೇಕಾದರೂ ಕರೆದು ಆಡಬಹುದು. ಹದಿನಾಲ್ಕನೆಯವನನ್ನು ಹುಡುಕಿ ತರುವ ಚಾಂಪಿಯನ್‌ಗಳು ಹುಟ್ಟುವುದು ಇಲ್ಲೇ. ಇನ್ನೊಂದು ಕಡ್ಡಾಯ: ನಿಗದಿತ ಅವಧಿಯೊಳಗೆ ಸಂಸ್ಥೆ ಗೊತ್ತುಮಾಡಿದ ಚಾಲೆಂಜರ್ ಜೊತೆ ಆಡಲೇಬೇಕು. ಎರಡೂ ಕಡೆಯವರಿಗೆ ಮಾತುಕತೆಗೆ ಸಮಯ ಕೊಡುತ್ತಾರೆ. ಹೊಂದಾಣಿಕೆ ಆಗದಿದ್ದರೆ ಪರ್ಸ್ ಬಿಡ್, ಅಂದರೆ ಪ್ರೊಮೋಟರ್‌ಗಳ ನಡುವೆ ಹರಾಜು. ಹೆಚ್ಚು ಕೂಗಿದವನಿಗೆ ಪಂದ್ಯ, ಆ ಹಣದಲ್ಲಿ ದೊಡ್ಡ ಪಾಲು ಚಾಂಪಿಯನ್‌ಗೆ. ನಿಯಮ ಬಿಗಿಯಾಗಿಯೇ ಕಾಣುತ್ತದೆ, ತಪ್ಪಿಸಿಕೊಳ್ಳುವ ಕಿಂಡಿಗಳೂ ಅಷ್ಟೇ ಇವೆ. ಗಾಯದ ನೆಪ ಹೇಳಬಹುದು, ಇನ್ನೊಂದು ತೂಕಕ್ಕೆ ಹೋಗಬಹುದು, ಬೆಲ್ಟನ್ನೇ ಬಿಟ್ಟುಕೊಡಬಹುದು, ಇಲ್ಲವೇ ‘ಸ್ವಲ್ಪ ಪಕ್ಕಕ್ಕೆ ನಿಲ್ಲಪ್ಪ’ ಎಂದು ಚಾಲೆಂಜರ್‌ಗೇ ಹಣ ಕೊಡಬಹುದು. 1996ರಲ್ಲಿ ಟೈಸನ್ ಬೇರೆ ಪಂದ್ಯ ಆಡಿಕೊಳ್ಳಲೆಂದು ಲೆನಾಕ್ಸ್ ಲೂಯಿಸ್‌ಗೆ ಹೀಗೆ ಸಿಕ್ಕಿದ್ದು 40 ಲಕ್ಷ ಡಾಲರ್. ಗುದ್ದದೇ ಇದ್ದುದಕ್ಕೆ!

ಲೂಯಿಸ್ ಹೆಸರು ಬಂದ ಮೇಲೆ ರಿಡಿಕ್ ಬೋ ಕಥೆ ಹೇಳದೆ ಇರಲಾಗದು. ಇಬ್ಬರೂ 1988ರ ಸೋಲ್ ಒಲಿಂಪಿಕ್ಸ್ ಫೈನಲ್‌ನಲ್ಲಿ ಎದುರಾಗಿದ್ದರು, ಲೂಯಿಸ್ ಗೆದ್ದ. 1992ರ ನವೆಂಬರ್‌ನಲ್ಲಿ ಬೋ ಹೋಲಿಫೀಲ್ಡ್‌ನನ್ನು ಸೋಲಿಸಿ ಹೆವಿವೇಟ್ ಚಾಂಪಿಯನ್ ಆದ. ಆ ಪಂದ್ಯವನ್ನು ನೋಡಿದವರು ಬೋನ ಪ್ರತಿಭೆಯನ್ನು ಪ್ರಶ್ನಿಸಲಾರರು. ಮುಂದಿನ ಕಡ್ಡಾಯ ಎದುರಾಳಿ ಲೂಯಿಸ್. ಡಿಸೆಂಬರ್‌ನಲ್ಲಿ ಬೋ ಲಂಡನ್ನಿಗೆ ಹೋಗಿ ಪತ್ರಕರ್ತರೆದುರು ಡಬ್ಲ್ಯುಬಿಸಿ ಎಂಬ ಸಂಸ್ಥೆಯ ಬೆಲ್ಟನ್ನು ಕಸದ ಬುಟ್ಟಿಗೆ ಹಾಕಿಬಿಟ್ಟ. ಆಮೇಲೆ ಆರಿಸಿಕೊಂಡದ್ದು ಮೈಕಲ್ ಡೋಕ್ಸ್ (ಒಂದೇ ರೌಂಡ್) ಮತ್ತು ಜೆಸ್ಸಿ ಫರ್ಗ್ಯುಸನ್ (ಎರಡು ರೌಂಡ್). 1993ರ ನವೆಂಬರ್‌ನಲ್ಲಿ ಹೋಲಿಫೀಲ್ಡ್ ಪಟ್ಟವನ್ನು ವಾಪಸ್ ಕಿತ್ತುಕೊಂಡ. ಲೂಯಿಸ್‌ನಾದರೂ ಸೋಲದವನೇನಲ್ಲ. ಮೆಕಾಲ್ ಕೈಲಿ, ರಹಮಾನ್ ಕೈಲಿ ನಾಕೌಟ್ ತಿಂದ, ಇಬ್ಬರನ್ನೂ ಮತ್ತೆ ಕರೆದು ಸೋಲಿಸಿದ. ಹೋಲಿಫೀಲ್ಡ್‌ನನ್ನೂ ಟೈಸನ್‌ನನ್ನೂ ಮುಗಿಸಿಯೇ ನಿವೃತ್ತನಾದ. ಬೋನ ವೃತ್ತಿಜೀವನದಲ್ಲಿ ಸೋಲು ಒಂದೇ, ಲೂಯಿಸ್‌ನದು ಎರಡು. ಹೆವಿವೇಟ್ ಬಾಕ್ಸಿಂಗ್ ಬಲ್ಲ ಯಾರನ್ನಾದರೂ ಕೇಳಿ ನೋಡಿ, ಯಾರ ಹೆಸರು ಮೇಲೆ ಹೇಳುತ್ತಾರೆ ಎಂದು.

ಈಗ ನಿಮ್ಮ ಮೇವೆದರ್. 2001ರ ಜನವರಿಯಲ್ಲಿ ಸೋಲೇ ಕಾಣದ ಡಿಯೆಗೊ ಕೊರಾಲೆಸ್‌ನನ್ನು ಐದು ಸಲ ಕೆಡವಿದ್ದು ಕಲೆಯೆಂದರೆ ಕಲೆ. 2002ರಲ್ಲಿ ಕ್ಯಾಸ್ಟಿಲೊ ವಿರುದ್ಧದ ತೀರ್ಪು ವಿವಾದಕ್ಕೊಳಗಾದಾಗ ಅದೇ ವರ್ಷ ಮತ್ತೆ ಅವನ ಜೊತೆಗೇ ಆಡಿದ, ಅದು ದೊಡ್ಡತನ. ಲೆಕ್ಕ ಹತ್ತುವುದು ಆಮೇಲೆ. 2006ರಲ್ಲಿ ಮಾರ್ಗರಿಟೊ ಜೊತೆ ಆಡಲು 80 ಲಕ್ಷ ಡಾಲರ್ ಎದುರಿಗಿತ್ತು. ಅದನ್ನು ಬಿಟ್ಟು, ಕರಾರಿನಿಂದ ಹೊರಬರಲು ಪ್ರೊಮೋಟರ್‌ಗೆ ತಾನೇ ಏಳೂವರೆ ಲಕ್ಷ ಕಟ್ಟಿ, ಬಾಲ್ಡೊಮಿರ್ ಎಂಬ ನಿಧಾನಗತಿಯ ಚಾಂಪಿಯನ್ ಜೊತೆ ಆಡಿದ. (ಮಾರ್ಗರಿಟೊನ ಕೈಪಟ್ಟಿಯೊಳಗೆ ಗಟ್ಟಿಯಾದ ಪ್ಯಾಡ್ ಸಿಕ್ಕಿದ್ದು 2009ರಲ್ಲಿ. ‘ನೋಡಿ, ಮೇವೆದರ್ ಜಾಣ’ ಎನ್ನುವವರಿದ್ದಾರೆ. 2006ರಲ್ಲಿ ಅದು ಅವನಿಗೆ ಕನಸಿಗೆ ಬಿದ್ದಿತ್ತೇ?) 2009ರಲ್ಲಿ ಮಾರ್ಕೆಜ್. ಆ ವರ್ಷದ ಫೆಬ್ರುವರಿಯಲ್ಲಿ 135 ಪೌಂಡಿಗೆ ಆಡಿದವನನ್ನು 144 ಪೌಂಡಿನ ಕ್ಯಾಚ್‌ವೇಟಿಗೆ, ಅಂದರೆ ಕರಾರಿನಲ್ಲಿ ಗೊತ್ತುಮಾಡಿಕೊಂಡ ತೂಕಕ್ಕೆ, ಕರೆಸಿದ. ತಾನೇ ಒಪ್ಪಿದ ಆ ತೂಕಕ್ಕೂ ಇಳಿಯದೆ 146ಕ್ಕೆ ತಕ್ಕಡಿ ಹತ್ತಿ, ಹೆಚ್ಚಿನ ಎರಡು ಪೌಂಡಿಗೆ ಆರು ಲಕ್ಷ ಡಾಲರ್ ದಂಡ ಎಣಿಸಿದ. ಮಾರ್ಕೆಜ್ ತೂಗಿದ್ದು 142.

ಫಿಲಿಪೀನ್ಸ್‌ನ ಪಾಕಿಯಾವೊ ಜೊತೆಗಿನ ಪಂದ್ಯಕ್ಕೆ ಮಾತು ಶುರುವಾದದ್ದು ಅದೇ ವರ್ಷದ ಕೊನೆಗೆ. ಪಾಕಿಯಾವೊ ಆಗಷ್ಟೇ ಕೋಟೊನನ್ನು ಹನ್ನೆರಡನೇ ರೌಂಡಿನಲ್ಲಿ ನಿಲ್ಲಿಸಿದ್ದ, ವೇಗದ ತುತ್ತತುದಿಯಲ್ಲಿದ್ದ. ಪಂದ್ಯಕ್ಕೆ ಎಷ್ಟು ದಿನ ಮೊದಲಿನವರೆಗೆ ರಕ್ತಪರೀಕ್ಷೆ ನಡೆಸಬಹುದು ಎಂಬಲ್ಲಿ ಮಾತು ಮುರಿಯಿತು. ಪರೀಕ್ಷೆ ಕೇಳಿದ್ದು ತಪ್ಪಲ್ಲ, ಅದಕ್ಕೆ ತಕರಾರು ತೆಗೆದ ಪಾಕಿಯಾವೊ ಪಾಳಯಕ್ಕೂ ಅರ್ಧ ಪಾಪ ಸೇರಬೇಕು. ಆದರೆ ಪಂದ್ಯ ನಡೆದದ್ದು 2015ರ ಮೇ 2ರಂದು. ಆ ಹೊತ್ತಿಗೆ ಮೇವೆದರ್‌ಗೆ 38, ಪಾಕಿಯಾವೊಗೆ 36. ನಡುವೆ 2012ರ ಡಿಸೆಂಬರ್‌ನಲ್ಲಿ ಮಾರ್ಕೆಜ್‌ನ ಬಲಗೈ ಪಾಕಿಯಾವೊನನ್ನು ಮುಖ ಕೆಳಗಾಗಿ ಮಲಗಿಸಿತ್ತು. ಮೇವೆದರ್ ಗೆದ್ದ, ತೀರ್ಪಿನಲ್ಲಿ ಅನುಮಾನವಿಲ್ಲ. ಅವನು ಗೆದ್ದದ್ದು 2015ರ ಪಾಕಿಯಾವೊನನ್ನು. ಐವತ್ತನೆಯ ಗೆಲುವಂತೂ ಅದುವರೆಗೆ ಒಂದೂ ವೃತ್ತಿಪರ ಬಾಕ್ಸಿಂಗ್ ಪಂದ್ಯ ಆಡಿರದ ಮೆಕ್‌ಗ್ರೆಗರ್ ಮೇಲೆ! ಅದನ್ನು ಹಳೆಯ ಹೆವಿವೇಟ್ ಚಾಂಪಿಯನ್ ಮಾರ್ಸಿಯಾನೊನ 49-0 ಪಕ್ಕ ಇಟ್ಟು ‘ದಾಖಲೆ ಮುರಿದ’ ಎನ್ನುವುದಕ್ಕೆ ನನ್ನ ಲೇಖನಿ ಏಳುವುದಿಲ್ಲ.

ಮಾರ್ಸಿಯಾನೊ ಸೋಲಿಸಿದ ಜೋ ಲೂಯಿಸ್‌ಗೂ (ಲೆನಾಕ್ಸ್ ಅಲ್ಲ, ಹಿಂದಿನ ಕಾಲದ ಚಾಂಪಿಯನ್) ಆಗ 37 ಆಗಿತ್ತಲ್ಲ, ವಾಲ್ಕಾಟ್, ಆರ್ಚಿ ಮೂರ್ ಎಲ್ಲ ಮುದುಕರಲ್ಲವೇ ಎಂದು ನೀವು ಕೇಳುತ್ತೀರಿ. ಹೌದು, ಆ ಕಳಂಕ ಅವನಿಗೂ ಇದೆ. ಒಂದು ವ್ಯತ್ಯಾಸ ಗಮನಿಸಿ: ಅವನ ಕಾಲದಲ್ಲಿ ಅವರಿಗಿಂತ ಗಟ್ಟಿಯಾದವನನ್ನು ಅವನು ಕಾಯಿಸಿಟ್ಟಿರಲಿಲ್ಲ. ಜೋ ಲೂಯಿಸ್‌ನನ್ನೇ ತೆಗೆದುಕೊಳ್ಳಿ. 1940ರ ಡಿಸೆಂಬರ್‌ನಿಂದ 1941ರ ಜೂನ್‌ವರೆಗೆ ತಿಂಗಳಿಗೊಂದರಂತೆ ಏಳು ಸಲ ಪಟ್ಟ ಪಣಕ್ಕಿಟ್ಟ. ‘ತಿಂಗಳಿಗೊಬ್ಬ ದಂಡಪಿಂಡ’ ಎಂದು ಪತ್ರಿಕೆಗಳು ಗೇಲಿ ಮಾಡಿದವು. ಆ ದಂಡಪಿಂಡಗಳಲ್ಲೇ ಒಬ್ಬ, ಬಡ್ಡಿ ಬೇರ್, ಲೂಯಿಸ್‌ನನ್ನು ಹಗ್ಗದಾಚೆ ಉರುಳಿಸಿದ. ಏಳನೆಯವನಾದ ಬಿಲ್ಲಿ ಕಾನ್ ಹನ್ನೆರಡು ರೌಂಡ್ ಮುಗಿದಾಗ ಅಂಕದಲ್ಲಿ ಮುಂದಿದ್ದ, ಹದಿಮೂರರಲ್ಲಿ ನಾಕೌಟ್ ಆದ. ಸರದಿಯಲ್ಲಿದ್ದ ಎಲ್ಲರನ್ನೂ ಕರೆದವನಿಗೆ ಒಂದೆರಡು ಸಪ್ಪೆ ಹೆಸರುಗಳನ್ನು ಕ್ಷಮಿಸಬಹುದು. ಕ್ಷಮಿಸಲಾಗದ್ದು ಒಬ್ಬನನ್ನು ಬಿಟ್ಟು ಉಳಿದವರನ್ನೆಲ್ಲ ಕರೆಯುವುದು. ಡೆಂಪ್ಸಿ 1919ರಿಂದ 1926ರವರೆಗೆ ಚಾಂಪಿಯನ್, ಹ್ಯಾರಿ ವಿಲ್ಸ್ ಎಂಬ ಕಪ್ಪು ಬಾಕ್ಸರ್ ಅಷ್ಟೂ ವರ್ಷ ಬಾಗಿಲಲ್ಲಿ ನಿಂತಿದ್ದ. ಒಳಗೆ ಬಿಡಲಿಲ್ಲ. ವರ್ಣಭೇದ, ಕಮಿಷನ್ನಿನ ರಾಜಕೀಯ, ಪ್ರೊಮೋಟರ್‌ನ ಭಯ ಎಲ್ಲ ಸೇರಿತ್ತು ನಿಜ. ಕಹಿ ಸಂಗತಿಯೆಂದರೆ ಮೊದಲ ಕಪ್ಪು ಹೆವಿವೇಟ್ ಚಾಂಪಿಯನ್ ಜ್ಯಾಕ್ ಜಾನ್ಸನ್ ಕೂಡ ಪಟ್ಟ ಸಿಕ್ಕ ಮೇಲೆ ಸ್ಯಾಮ್ ಲ್ಯಾಂಗ್‌ಫರ್ಡ್‌ಗೆ ಅವಕಾಶ ಕೊಡಲಿಲ್ಲ. ಇನ್ನು ಚಾರ್ಲಿ ಬರ್ಲಿ 1944ರಲ್ಲಿ ಆರ್ಚಿ ಮೂರ್‌ನನ್ನು ಸೋಲಿಸಿದವನು. ಒಂದೇ ಒಂದು ವಿಶ್ವಪಟ್ಟದ ಪಂದ್ಯವೂ ಸಿಗದೆ ಪಿಟ್ಸ್‌ಬರ್ಗ್‌ನಲ್ಲಿ ಕಸ ಸಾಗಿಸುವ ಕೆಲಸ ಮಾಡಿದ.

ಆದ್ದರಿಂದ ಬಾಕ್ಸರ್‌ನ ದಾಖಲೆ ಓದುವಾಗ ಗೆಲುವಿನ ಅಂಕಣದಲ್ಲಿ ನಿಲ್ಲಬೇಡಿ. ಎದುರಾಳಿಯ ಹಿಂದಿನ ಮೂರು ಪಂದ್ಯಗಳ ಫಲಿತಾಂಶ ಮತ್ತು ತೂಕ ನೋಡಿ. ಎರಡು ದರ್ಜೆ ಕೆಳಗಿನಿಂದ ಬಂದವನೋ, ದೊಡ್ಡ ಮೈಯನ್ನು ಹಿಂಡಿ ಇಳಿಸಿಕೊಂಡು ಬಂದವನೋ? 154 ಪೌಂಡಿನ ಕ್ಯಾನೆಲೊನನ್ನು 2013ರಲ್ಲಿ ಮೇವೆದರ್ 152ಕ್ಕೆ ಎಳೆದ. ಎರಡು ಪೌಂಡ್ ಏನು ಮಹಾ ಎನ್ನಬೇಡಿ. ಕೊಬ್ಬು ಕರಗಿ ಮುಗಿದ ಮೇಲೆ ಇಳಿಯುವ ಆ ಕೊನೆಯ ಪೌಂಡುಗಳು ಬರೀ ನೀರು. ತೂಕ ನೋಡುವುದು ಹಿಂದಿನ ದಿನ, ಒಂದು ದಿನದಲ್ಲಿ ಆ ನೀರು ಪೂರ್ತಿ ಮೈಗೆ ವಾಪಸಾಗುವುದಿಲ್ಲ, ಎಂಟನೇ ರೌಂಡಿನ ಹೊತ್ತಿಗೆ ಕಾಲು ಮಾತು ಕೇಳುವುದಿಲ್ಲ. ಕರಾರಿನಲ್ಲಿ ಮತ್ತೆ ನೀರು ತುಂಬಿಕೊಳ್ಳುವುದಕ್ಕೂ ಮಿತಿ ಹಾಕಿದ್ದರೆ ಇನ್ನೂ ಕಷ್ಟ: 2023ರಲ್ಲಿ ಗರ್ವೊಂಟಾ ಡೇವಿಸ್ ಎದುರು ರಯಾನ್ ಗಾರ್ಸಿಯಾ 136 ಪೌಂಡಿಗೆ ಇಳಿಯಬೇಕಿತ್ತು, ಮರುದಿನ ಹತ್ತು ಪೌಂಡಿಗಿಂತ ಹೆಚ್ಚು ಏರುವಂತಿರಲಿಲ್ಲ. ಏಳನೇ ರೌಂಡಿನಲ್ಲಿ ಹೊಟ್ಟೆಗೆ ಬಿದ್ದ ಏಟಿಗೆ ಕುಸಿದ. ಎದುರಾಳಿಗೆ ಎಷ್ಟು ದಿನ ಮೊದಲು ಕರೆ ಹೋಯಿತು ಎಂದೂ ನೋಡಿ. ಪೂರ್ತಿ ತಯಾರಿಗೆ ಎಂಟರಿಂದ ಹತ್ತು ವಾರ ಬೇಕು, ಎರಡು ವಾರದ ಕರೆಗೆ ಓಡಿ ಬಂದವನ ಸೋಲು ಅರ್ಧ ಸೋಲು. ರಿಂಗ್ ದೊಡ್ಡದಿದ್ದರೆ ಓಡಾಡುವವನಿಗೆ ಲಾಭ, ಚಿಕ್ಕದಿದ್ದರೆ ನುಗ್ಗುವವನಿಗೆ. 1987ರಲ್ಲಿ ಹ್ಯಾಗ್ಲರ್ ದೊಡ್ಡ ಪಾಲು ಹಣ ತೆಗೆದುಕೊಂಡ. ರೇ ಲೆನರ್ಡ್ ಅದಕ್ಕೆ ಬದಲಾಗಿ 15ರ ಬದಲು 12 ರೌಂಡ್, 10 ಔನ್ಸಿನ ಗ್ಲೌಸ್, ದೊಡ್ಡ ರಿಂಗ್ ಬರೆಸಿಕೊಂಡ. ಹ್ಯಾಗ್ಲರ್ ಪಂದ್ಯ ಕಳೆದುಕೊಂಡದ್ದು ಒಬ್ಬ ತೀರ್ಪುಗಾರನ ಅಂತರದಲ್ಲಿ. ಅವನು ಮತ್ತೆ ರಿಂಗ್ ಹತ್ತಲಿಲ್ಲ.

ಇಷ್ಟೆಲ್ಲ ಹಾಳಾಗಲು ಮೂಲ ಸೋಲಿನ ಅಂಕಣದ ಆ ಸೊನ್ನೆಯ ಮೋಹ. ಅಲಿ ಐದು ಸಲ ಸೋತ. ಡುರಾನ್ 119 ಪಂದ್ಯಗಳಲ್ಲಿ 16 ಸೋತ, ಆದರೂ 37ನೇ ವಯಸ್ಸಿನಲ್ಲಿ ತನಗಿಂತ ಎಷ್ಟೋ ದೊಡ್ಡವನಾದ ಬಾರ್ಕ್ಲಿಯ ಪಟ್ಟ ಕಿತ್ತುಕೊಂಡ. ರೇ ರಾಬಿನ್ಸನ್ ಲಮೊಟಾ ಜೊತೆ ಆರು ಸಲ ಆಡಿದ. ಇವತ್ತು ಇಪ್ಪತ್ತು-ಸೊನ್ನೆ ಇರುವ ಹುಡುಗನ ಮ್ಯಾನೇಜರ್ ಆ ಸೊನ್ನೆಯನ್ನು ಮಡಿಯಲ್ಲಿಟ್ಟು ಕಾಯುತ್ತಾನೆ, ಟೀವಿಯವರೂ ಅದಕ್ಕೇ ಹಣ ಕೊಡುತ್ತಾರೆ. ನಾಲ್ಕು ಸಂಸ್ಥೆಗಳು, ಹದಿನೇಳು ತೂಕಗಳು, ಅದರ ಮೇಲೆ ‘ಹಂಗಾಮಿ’, ‘ಸೂಪರ್’, ‘ರೆಗ್ಯುಲರ್’ ಪಟ್ಟಗಳು. ಬಲಿಷ್ಠನನ್ನು ಎದುರಿಸದೆಯೂ ಬೆಲ್ಟ್ ಕಟ್ಟಿಕೊಳ್ಳಲು ಇಷ್ಟೊಂದು ಬಾಗಿಲುಗಳು! ಬೆಲ್ಟ್ ಕೀಳುವಾಗಲೂ ನ್ಯಾಯವಿಲ್ಲ. 2015ರ ನವೆಂಬರ್ 28ರಂದು ಟೈಸನ್ ಫ್ಯೂರಿ ಕ್ಲಿಚ್ಕೊನಂಥವನನ್ನು ಸೋಲಿಸಿದ, ಕರಾರಿನಂತೆ ಅವನ ಜೊತೆಗೇ ಮರುಪಂದ್ಯಕ್ಕೆ ಒಪ್ಪಿದ. ಕಡ್ಡಾಯ ಚಾಲೆಂಜರ್ ಗ್ಲಾಜ್ಕೊವ್ ಎಂಬವನೆಂದು ಆ ನಾಲ್ಕರಲ್ಲೊಂದಾದ ಐಬಿಎಫ್ ಡಿಸೆಂಬರ್‌ನಲ್ಲೇ ಬೆಲ್ಟ್ ಕಿತ್ತಿತು. ಮೈಸೂರು ದಸರಾ ಕುಸ್ತಿಗೆ ಜೋಡಿ ಕಟ್ಟುವಂತೆ ಪೈಲ್ವಾನರನ್ನು ಎದುರಿಗೆ ನಿಲ್ಲಿಸಿ, ಮೈಕಟ್ಟು ನೋಡಿ, ಊರೆದುರು ಜೋಡಿ ಮಾಡುವ ಪದ್ಧತಿ ಲಾಸ್ ವೇಗಾಸ್‌ನಲ್ಲಿ ಇದ್ದಿದ್ದರೆ ಅರ್ಧ ವಕೀಲರಿಗೆ ಕೆಲಸವೇ ಇರುತ್ತಿರಲಿಲ್ಲ.

ನಮ್ಮಲ್ಲೂ ಈ ರೋಗ ಇಲ್ಲದಿಲ್ಲ. 2019ರ ವಿಶ್ವ ಚಾಂಪಿಯನ್‌ಷಿಪ್‌ಗೆ ಟ್ರಯಲ್ಸ್ ನಡೆಸದೆ ಮೇರಿ ಕೋಮ್ ಅವರನ್ನು ಕಳಿಸಲಾಯಿತು. ಒಲಿಂಪಿಕ್ಸ್ ಅರ್ಹತಾ ಕೂಟಕ್ಕಾದರೂ ಟ್ರಯಲ್ಸ್ ಇಡಿ ಎಂದು ನಿಖತ್ ಜರೀನ್ ಬಹಿರಂಗವಾಗಿ ಕೇಳಬೇಕಾಯಿತು. ಡಿಸೆಂಬರ್‌ನಲ್ಲಿ ದೆಹಲಿಯಲ್ಲಿ ಪಂದ್ಯ ನಡೆಯಿತು, ಮೇರಿ 9-1ರಿಂದ ಗೆದ್ದರು. ಅಷ್ಟು ಸಲೀಸಾಗಿ ಗೆಲ್ಲುವವರಿಗೆ ಮೊದಲೇ ಟ್ರಯಲ್ಸ್ ಇಟ್ಟಿದ್ದರೆ ಏನು ಹೋಗುತ್ತಿತ್ತು? ಟ್ರಯಲ್ಸ್‌ನ ವಿನಾಯಿತಿ ಅವರ ಹೆಸರನ್ನು ಹೆಚ್ಚಿಸಲಿಲ್ಲ, ಡಿಸೆಂಬರ್‌ನ ಗೆಲುವು ಹೆಚ್ಚಿಸಿತು.

ಕ್ಯಾನೆಲೊ ಬಗ್ಗೆ ಕೇಳಿದಿರಿ. ಅವನು ಮೂರು ಸಲ ಸೋತಿದ್ದಾನೆ: ಮೇವೆದರ್‌ಗೆ, 2022ರಲ್ಲಿ 175 ಪೌಂಡಿಗೆ ಏರಿ ಬಿವೊಲ್‌ಗೆ, 2025ರ ಸೆಪ್ಟೆಂಬರ್‌ನಲ್ಲಿ ಕೆಳಗಿನ ತೂಕದಿಂದ 168ಕ್ಕೆ ಏರಿ ಬಂದ ಕ್ರಾಫರ್ಡ್‌ಗೆ. ಈ ಮೂರೂ ಅವನ ಹೆಸರನ್ನು ಕುಗ್ಗಿಸುವುದಿಲ್ಲ, ಬಿವೊಲ್ ಪಂದ್ಯವಂತೂ ಅವನೇ ಬಯಸಿ ಹೋದದ್ದು, ನನ್ನ ಲೆಕ್ಕದಲ್ಲಿ ಅದು ಅವನ ಎಷ್ಟೋ ಗೆಲುವುಗಳಿಗಿಂತ ದೊಡ್ಡದು. ಕುಗ್ಗಿಸುವುದು ಡೇವಿಡ್ ಬೆನಾವಿಡೆಜ್. 168 ಪೌಂಡಿನಲ್ಲಿ ವರ್ಷಗಟ್ಟಲೆ ಕಾದು, ಕರೆ ಬರದೆ, 2024ರಲ್ಲಿ ಅವನು 175ಕ್ಕೆ ಹೊರಟುಹೋದ. ಅದೇ ವರ್ಷ ಕ್ಯಾನೆಲೊ ಐಬಿಎಫ್‌ನ ಕಡ್ಡಾಯ ಪಂದ್ಯ ಬಿಟ್ಟು, ಬೆಲ್ಟ್ ಕಳೆದುಕೊಂಡು, ಬರ್ಲಾಂಗಾನನ್ನು ಆರಿಸಿಕೊಂಡ. ಆದ್ದರಿಂದ, ಹೌದು, ಕ್ಯಾನೆಲೊ ಬಗ್ಗೆಯೂ ಇದೇ ರಾಗ.