ಮಂಡಿ ಸೀಸನ್ ಬಂದರೆ ಕೈಕಾಲೇ ಆಡುವುದಿಲ್ಲ, ಏನು ಮಾಡಲಿ?

ಪ್ರಶ್ನೆ: ಮೇಡಂ, ನಾನು ಕೋಲಾರದವಳು, 36 ವರ್ಷ. ಎಪಿಎಂಸಿಯ ಒಂದು ಟೊಮೆಟೊ ಮಂಡಿಯಲ್ಲಿ ಲೆಕ್ಕ ಬರೆಯುತ್ತೇನೆ. ಜೂನ್, ಜುಲೈ ಬಂತೆಂದರೆ ಬಾಕ್ಸ್ ಲೆಕ್ಕ, ರೈತರ ಬಿಲ್ಲು, ಲಾರಿಯವರ ಫೋನು ಎಲ್ಲ ಒಟ್ಟಿಗೆ ಮೈಮೇಲೆ ಬೀಳುತ್ತವೆ. ಮನೆಯಲ್ಲಿ ಮಗ ಹತ್ತನೇ ಕ್ಲಾಸು, ಅತ್ತೆಗೆ ಶುಗರ್. ಒಮ್ಮೊಮ್ಮೆ ಪುಸ್ತಕ ಮುಂದಿಟ್ಟುಕೊಂಡು ಸುಮ್ನೆ ಕೂತುಬಿಡುತ್ತೇನೆ, ಎಲ್ಲಿಂದ ಶುರು ಮಾಡಬೇಕೋ ತೋಚುವುದಿಲ್ಲ. ಸೊಂಟದ ಮೇಲೆ ಕೈಯಿಟ್ಟು ಎರಡು ನಿಮಿಷ ನಿಂತರೆ ಧೈರ್ಯ ಬರುತ್ತೆ, ಕನ್ನಡಿ ಮುಂದೆ ‘ನಾನು ಎಲ್ಲವನ್ನೂ ಮಾಡಬಲ್ಲೆ’ ಅಂತ ಹೇಳಿಕೊಳ್ಳಿ ಅಂತ ಯೂಟ್ಯೂಬಿನಲ್ಲಿ ಹೇಳುತ್ತಾರೆ. ಹೇಳಿಕೊಂಡೆ, ಅಳು ಬಂತು. ಕೆಲಸ ಬಿಟ್ಟುಬಿಡಲಾ?

ಉತ್ತರ: ಅಳು ಬಂದಿದ್ದಕ್ಕೆ ಬೇಜಾರು ಮಾಡಿಕೊಳ್ಳಬೇಡಿ. ಆ ವಾಕ್ಯ ಎಲ್ಲರಿಗೂ ಒಗ್ಗುವಂಥದ್ದಲ್ಲ. ಕೆನಡಾದ ಮನಶ್ಶಾಸ್ತ್ರಜ್ಞೆ ಜೋಆನ್ ವುಡ್ ಮತ್ತು ಜೊತೆಗಾರರು 2009ರಲ್ಲಿ ಇಂಥ ಮಾತುಗಳನ್ನೇ ಪರೀಕ್ಷೆಗೆ ಇಟ್ಟಿದ್ದರು. ತಮ್ಮ ಬಗ್ಗೆ ಮೊದಲೇ ನಂಬಿಕೆ ಕಡಿಮೆ ಇದ್ದವರು ತಮ್ಮನ್ನು ತಾವೇ ಹೊಗಳಿಕೊಂಡಾಗ ಅವರ ಮನಸ್ಸು ಇನ್ನಷ್ಟು ಕುಗ್ಗಿತು. ‘ಎಲ್ಲವನ್ನೂ ಮಾಡಬಲ್ಲೆ’ ಅಂದ ತಕ್ಷಣ ಒಳಗಿಂದ ‘ಎಲ್ಲಿ ಮಾಡಿದ್ದೀಯಾ?’ ಅಂತ ಒಂದು ಪ್ರಶ್ನೆ ಏಳುತ್ತದೆ, ಅಲ್ವಾ?

ಇನ್ನು ಸೊಂಟದ ಮೇಲೆ ಕೈ. 2010ರಲ್ಲಿ ಅಮೆರಿಕದಲ್ಲಿ 42 ಜನರ ಮೇಲೆ ಪ್ರಯೋಗ ಮಾಡಿ, ಹಾಗೆ ನಿಂತರೆ ಹಾರ್ಮೋನುಗಳೇ ಬದಲಾಗುತ್ತವೆ ಅಂದಿದ್ದರು. 2015ರಲ್ಲಿ ಬೇರೆಯವರು 200 ಜನರನ್ನು ಇಟ್ಟುಕೊಂಡು ನೋಡಿದಾಗ ಹಾರ್ಮೋನು ಬದಲಾಗಲಿಲ್ಲ, ಧೈರ್ಯ ಬಂದ ಹಾಗೆ ಅನ್ನಿಸಿತು ಅಷ್ಟೇ. ಮೊದಲ ಪ್ರಯೋಗದ ಮುಖ್ಯ ಸಂಶೋಧಕಿ ಡಾನಾ ಕಾರ್ನಿ ಅವರೇ 2016ರಲ್ಲಿ ‘ಇದನ್ನು ನಾನು ನಂಬುವುದಿಲ್ಲ’ ಅಂತ ಬರೆದುಬಿಟ್ಟರು. ಯೂಟ್ಯೂಬಿನಲ್ಲಿ ಮಾತ್ರ ಆ ಸುದ್ದಿ ಇನ್ನೂ ಮುಟ್ಟಿಲ್ಲ.

ಹಾಗಂತ ಕೂರುವ ರೀತಿಯಲ್ಲಿ ಏನೂ ಇಲ್ಲ ಅಂತಲ್ಲ. ಮಂಡಿಯಲ್ಲಿ ನೀವು ಹೇಗೆ ಕೂತಿರುತ್ತೀರಿ ಒಮ್ಮೆ ಗಮನಿಸಿ. ಫೋನು ಕಿವಿ ಮತ್ತು ಭುಜದ ನಡುವೆ ಸಿಕ್ಕಿಕೊಂಡಿರುತ್ತದೆ, ಗದ್ದ ಎದೆಗೆ ಬಂದಿರುತ್ತದೆ, ಹಲ್ಲು ಕಚ್ಚಿಕೊಂಡಿರುತ್ತೀರಿ, ಉಸಿರು ಹೊಟ್ಟೆಗೆ ಇಳಿಯದೆ ಕುತ್ತಿಗೆಯ ಹತ್ತಿರವೇ ಆಡುತ್ತಿರುತ್ತದೆ. ಈ ಸ್ಥಿತಿಯಲ್ಲಿ ಎಂಥ ಒಳ್ಳೆಯ ಮಾತು ಹೇಳಿಕೊಂಡರೂ ತಲೆಗೆ ಹತ್ತುವುದಿಲ್ಲ. ಅದಕ್ಕೇ ಶುರು ಮೈಯಿಂದ ಆಗಬೇಕು, ಮಾತು ಕೊನೆಗೆ.

ಫೋನು ಕೆಳಗಿಡಿ. ಎರಡೂ ಪಾದ ಪೂರ್ತಿ ನೆಲಕ್ಕೆ ತಾಗಲಿ, ಬೆನ್ನು ಕುರ್ಚಿಗೆ ಆನಲಿ, ಭುಜ ಇಳಿಸಿ, ಹಲ್ಲು ಬಿಡಿಸಿ. ಮೂಗಿನಿಂದ ಉಸಿರು ಎಳೆದುಕೊಳ್ಳಿ, ಅದರ ಮೇಲೆ ಇನ್ನೊಂದು ಚಿಕ್ಕ ಉಸಿರು, ಆಮೇಲೆ ಬಾಯಿಂದ ನಿಧಾನವಾಗಿ, ಒಳಗೆ ಏನೂ ಉಳಿದಿಲ್ಲ ಅನ್ನಿಸುವವರೆಗೂ ಹೊರಗೆ ಬಿಡಿ. ಉಸಿರು ಬಿಡುವಾಗ ವೇಗಸ್ ಎಂಬ ನರದ ಕಾರಣಕ್ಕೆ ಹೃದಯದ ಬಡಿತ ತುಸು ನಿಧಾನವಾಗುತ್ತದೆ, ಹಾಗಾಗಿ ಬಿಡುವ ಉಸಿರು ಉದ್ದ ಇರಬೇಕು. ಐದಾರು ಸಲ ಸಾಕು. ಪಕ್ಕದಲ್ಲಿ ಹರಾಜು ಕೂಗುತ್ತಿದ್ದರೂ ಮಾಡಬಹುದು, ಯಾರಿಗೂ ಗೊತ್ತಾಗುವುದಿಲ್ಲ.

ಎರಡನೆಯದು ಗಮನ. ಮನುಷ್ಯನ ತಲೆ ಒಂದು ಹೊತ್ತಿಗೆ ಸುಮಾರು ನಾಲ್ಕು ವಿಷಯ ಹಿಡಿದುಕೊಳ್ಳಬಲ್ಲದು. ನೀವು ಅದರಲ್ಲಿ ಹದಿನೈದು ತುರುಕುತ್ತಿದ್ದೀರಿ. ಹಾಳಾದ ಬಿಲ್ಲಿನ ಹಿಂಬದಿಯಲ್ಲಿ ಎಲ್ಲವನ್ನೂ ಗೀಚಿಬಿಡಿ: ಲಾರಿ ಬಾಡಿಗೆ, ಮಗನ ಟ್ಯೂಷನ್ ಫೀಸು, ಅತ್ತೆಯ ಮಾತ್ರೆ, ನಿನ್ನೆ ತಾಳೆಯಾಗದ ಲೆಕ್ಕ. ಪ್ರತಿಯೊಂದರ ಪಕ್ಕದಲ್ಲಿ ಯಾವಾಗ ಅಂತ ಬರೆಯಿರಿ. ‘ಸಾಯಂಕಾಲ ಮನೆಗೆ ಹೋಗುವಾಗ’ ಅಂತ ಬರೆದಿಟ್ಟರೆ ಮಾತ್ರೆಯ ಚಿಂತೆ ಬೆಳಗ್ಗೆಯಿಂದ ತಲೆ ತಿನ್ನುವುದು ಕಡಿಮೆಯಾಗುತ್ತದೆ. ಆಮೇಲೆ ಆ ಚೀಟಿ ಮಗುಚಿಟ್ಟು, ಎದುರಿಗೆ ನಿಂತಿರುವ ರೈತರ ಬಿಲ್ಲು ಒಂದನ್ನೇ ನೋಡಿ. ಇದನ್ನು ಫೋನಿನಲ್ಲಿ ಮಾತ್ರ ಬರೆಯಬೇಡಿ. ಬರೆಯೋಕೆ ಅಂತ ತೆಗೆದ ಫೋನಿನಲ್ಲಿ ವಾಟ್ಸಾಪ್ ಕಾಯುತ್ತಿರುತ್ತದೆ.

ಈಗ ಮಾತು. ‘ನಾನು’ ಅನ್ನುವ ಬದಲು ನಿಮ್ಮ ಹೆಸರು ಹಿಡಿದು ಕರೆದುಕೊಳ್ಳಿ. ಮಿಷಿಗನ್ ವಿಶ್ವವಿದ್ಯಾಲಯದ ಈಥನ್ ಕ್ರಾಸ್ ತಂಡ 2014ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಹೀಗೆ ಹೆಸರು ಹಿಡಿದು ಮಾತಾಡಿಕೊಂಡವರಿಗೆ ಭಾಷಣದಂಥ ಒತ್ತಡದ ಹೊತ್ತಿನಲ್ಲಿ ಕಳವಳ ಕಡಿಮೆ ಇತ್ತು. ನಿಮ್ಮ ಹೆಸರು ಇಲ್ಲಿ ಹಾಕುವುದಿಲ್ಲ, ಲಕ್ಷ್ಮಿ ಅಂತಿಟ್ಟುಕೊಳ್ಳೋಣ. ‘ಲಕ್ಷ್ಮಿ, ಈಗ ಈ ಬಿಲ್ಲು. ಬಾಕ್ಸ್ ಎಷ್ಟು? ನಲವತ್ತು. ರೇಟು ಹಾಕು. ಕಮಿಷನ್ ನೋಡು.’ ಇಷ್ಟೇ. ಹೊಗಳಿಕೆಯೂ ಬೇಡ, ಬೈಗುಳವೂ ಬೇಡ. ಸುಳ್ಳಲ್ಲದ ಮಾತು, ಕೈಗೆ ಕೆಲಸ ಕೊಡುವ ಮಾತು. ಬಿಲ್ಲು ಬರೆದಾದ ಮೇಲೆ ‘ಇದಾಯ್ತು’ ಅಂತ ಒಂದು ಸಲ ಹೇಳಿಕೊಂಡು ಮುಂದಿನದಕ್ಕೆ ಹೋಗಿ.

ಮೊದಲ ಸಲ ಇದನ್ನು ಮಂಡಿಯಲ್ಲೇ ಮಾಡಲು ಹೋಗಬೇಡಿ, ಆ ಗಲಾಟೆಯಲ್ಲಿ ನೆನಪಾಗುವುದಿಲ್ಲ. ರಾತ್ರಿ ಮನೆಯಲ್ಲಿ ರೂಢಿ ಮಾಡಿಕೊಳ್ಳಿ.

ಒಂದು ವಿಷಯ ಗಂಭೀರವಾಗಿ ಹೇಳಬೇಕು. ಎರಡು ವಾರಕ್ಕಿಂತ ಜಾಸ್ತಿ ನಿದ್ದೆ ಕೆಟ್ಟಿದ್ದರೆ, ಊಟ ಸೇರದಿದ್ದರೆ, ದಿನಾ ಅಳು ಬರುತ್ತಿದ್ದರೆ ಇಷ್ಟರಲ್ಲೇ ನಿಲ್ಲಿಸಬೇಡಿ. ಜಿಲ್ಲಾ ಆಸ್ಪತ್ರೆಯಲ್ಲಿ ಮನೋವೈದ್ಯರನ್ನು ಕಾಣಿ, ಹಾಗೇ ರಕ್ತ ಮತ್ತು ಥೈರಾಯ್ಡ್ ಪರೀಕ್ಷೆ ಮಾಡಿಸಿ. ಬದುಕೇ ಬೇಡ ಅನ್ನಿಸಿದರೆ ಒಂದು ದಿನವೂ ಕಾಯಬೇಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಫೋನ್ ಮಾಡಬಹುದು, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ.

ಕೆಲಸ ಬಿಡುವ ಮಾತು ಸೀಸನ್ ಮುಗಿಯುವವರೆಗೂ ಬೇಡ. ಆದರೆ ನೀವು ಬರೆದಿದ್ದನ್ನು ನೋಡಿದರೆ ಮಂಡಿಯಲ್ಲಿ ಇಬ್ಬರ ಕೆಲಸ ಒಬ್ಬರೇ ಮಾಡುತ್ತಿದ್ದೀರಿ, ಅದು ಉಸಿರಾಟದಿಂದ ಸರಿಹೋಗುವುದಲ್ಲ. ಹರಾಜಿನ ಹೊತ್ತಿನಲ್ಲಿ ಫೋನು ನೋಡಿಕೊಳ್ಳಲು ಒಬ್ಬ ಹುಡುಗನನ್ನು ಹಾಕಿ ಅಂತ ಮಾಲೀಕರನ್ನು ನೇರವಾಗಿ ಕೇಳಿ, ಬಿಲ್ಲು ತಪ್ಪಾದರೆ ನಷ್ಟ ಅವರದ್ದೇ ಅಂತಲೂ ಹೇಳಿ. ಮನೆಯಲ್ಲಿ, ಹತ್ತನೇ ಕ್ಲಾಸಿನ ಹುಡುಗ ಮೆಡಿಕಲ್ ಶಾಪಿಗೆ ಹೋಗಿ ಅಜ್ಜಿಯ ಮಾತ್ರೆ ತರಬಹುದು. ಹತ್ತು ನಿಮಿಷದ ಕೆಲಸ, ಅಷ್ಟಕ್ಕೆ ಅವನ ಮಾರ್ಕ್ಸ್ ಏನೂ ಕಡಿಮೆಯಾಗುವುದಿಲ್ಲ.