ಲೆಟ್ರೊಜೋಲ್ ಬ್ಯಾನ್ ಆಗಿದೆಯಾ? – ಪ್ರತಿಕ್ರಿಯೆ

ಪಿಸಿಓಎಸ್ (ಅಂಡ ಸರಿಯಾಗಿ ಬಿಡುಗಡೆಯಾಗದ ಹಾರ್ಮೋನ್ ಸಮಸ್ಯೆ) ಇದೆ, ಮಗುವಿಗಾಗಿ ಡಾಕ್ಟರ್ ಲೆಟ್ರೊಜೋಲ್ ಬರೆದಿದ್ದಾರೆ, ಗೂಗಲ್ ಮಾಡಿದರೆ ಅದು ಸ್ತನ ಕ್ಯಾನ್ಸರ್ ಮಾತ್ರೆ, ಭಾರತದಲ್ಲಿ ಬ್ಯಾನ್ ಅಂತ ಬರ್ತಿದೆ ಅಂದಿದ್ದೀರಿ. ಕ್ಯಾನ್ಸರ್‌ಗೆ ಕೊಡೋದು ನಿಜ. ಬ್ಯಾನ್ ಸುದ್ದಿ ಮಾತ್ರ ಹಳಸಿದ್ದು: 2011ರಲ್ಲಿ ಬಂಜೆತನದ ಚಿಕಿತ್ಸೆಗೆ ನಿಷೇಧಿಸಿದ್ದರು, 2017ರಲ್ಲಿ ತೆಗೆದರು.

ಭಯ ಹುಟ್ಟಿಸಿದ್ದು 2005ರ ಕೆನಡಾದ ಒಂದು ವರದಿ. ಲೆಟ್ರೊಜೋಲ್‌ನಿಂದಾದ 150 ಮಕ್ಕಳನ್ನು ಸಾಮಾನ್ಯ ಹೆರಿಗೆಗಳ ಜೊತೆ ಹೋಲಿಸಿ, ಕೆಲವು ಅಂಗದೋಷ ಜಾಸ್ತಿ ಅಂದಿತ್ತು. ಇದು ನ್ಯಾಯವಾದ ಹೋಲಿಕೆಯೇ ಅಲ್ಲ. ಚಿಕಿತ್ಸೆ ಪಡೆಯುವ ತಾಯಂದಿರ ವಯಸ್ಸು, ಸಮಸ್ಯೆ ಎಲ್ಲಾ ಬೇರೆ. ಮರುವರ್ಷ 911 ಮಕ್ಕಳನ್ನು ನೋಡಿದಾಗ, ಇದೇ ಚಿಕಿತ್ಸೆಯ ಹಳೇ ಮಾತ್ರೆ ಕ್ಲೋಮಿಫೀನ್‌ಗಿಂತ ಹೆಚ್ಚಿನ ಅಂಗದೋಷ ಕಾಣಲಿಲ್ಲ.

ನಿಮಗೆ ನಿಜವಾಗಿ ಬೇಕಾದದ್ದು 2014ರ ಅಮೆರಿಕದ ಅಧ್ಯಯನ. ಪಿಸಿಓಎಸ್ ಇರುವ 750 ಮಹಿಳೆಯರನ್ನು ಲಾಟರಿ ಎತ್ತಿದ ಹಾಗೆ ಎರಡು ಗುಂಪು ಮಾಡಿ, ಒಂದಕ್ಕೆ ಲೆಟ್ರೊಜೋಲ್, ಇನ್ನೊಂದಕ್ಕೆ ಕ್ಲೋಮಿಫೀನ್ ಗರಿಷ್ಠ ಐದು ಸೈಕಲ್ (ಮುಟ್ಟಿನ ಚಕ್ರ) ಕೊಟ್ಟರು. ಯಾರಿಗೆ ಯಾವ ಮಾತ್ರೆ ಅಂತ ಅವರಿಗೂ ಗೊತ್ತಿಲ್ಲ, ಡಾಕ್ಟರಿಗೂ ಗೊತ್ತಿಲ್ಲ. ಮಗು ಹುಟ್ಟಿದ್ದು ಲೆಟ್ರೊಜೋಲ್‌ನಲ್ಲಿ 27.5%, ಕ್ಲೋಮಿಫೀನ್‌ನಲ್ಲಿ 19.1%. ಅಂದರೆ ಗೆದ್ದ ಮಾತ್ರೆಯಲ್ಲೂ ಮುಕ್ಕಾಲು ಪಾಲು ಜನಕ್ಕೆ ಆ ಐದು ಸೈಕಲ್‌ನಲ್ಲಿ ಮಗು ಆಗಿಲ್ಲ. ಮೊದಲ ತಿಂಗಳೇ ಆಗಲಿಲ್ಲ ಅಂತ ಕಂಗಾಲಾಗಬೇಡಿ.

ಇದು ಕೆಲಸ ಮಾಡೋದು ಈಸ್ಟ್ರೋಜನ್ ಅನ್ನೋ ಹೆಣ್ಣು ಹಾರ್ಮೋನನ್ನ ಸ್ವಲ್ಪ ದಿನ ಇಳಿಸಿ. ಆಗ ಮೆದುಳು ಎಫ್‌ಎಸ್‌ಎಚ್ (ಅಂಡ ಬೆಳೆಸುವ ಹಾರ್ಮೋನ್) ಜಾಸ್ತಿ ಕಳಿಸುತ್ತೆ, ಅಂಡ ಬೆಳೆಯುತ್ತೆ. ಸಾಮಾನ್ಯವಾಗಿ ಐದೇ ದಿನದ ಕೋರ್ಸ್. ಆದರೆ ಗರ್ಭ ನಿಂತಿದ್ದರೆ ತಗೊಳ್ಳಲೇಬಾರದು. ಪಿಸಿಓಎಸ್‌ನಲ್ಲಿ ಮುಟ್ಟು ಏರುಪೇರು ಅಲ್ವಾ, ಹಾಗಾಗಿ ಶುರು ಮಾಡೋ ಮುಂಚೆ ಪ್ರೆಗ್ನೆನ್ಸಿ ಟೆಸ್ಟ್ ಮಾಡಿಸಿ, ಫಾಲಿಕಲ್ ಸ್ಕ್ಯಾನ್ (ಅಂಡ ಬೆಳೀತಿದೆಯಾ ಅಂತ ನೋಡೋ ಸ್ಕ್ಯಾನ್) ಯಾವಾಗ ಅಂತಲೂ ಡಾಕ್ಟರನ್ನ ಕೇಳಿ.