ನಿಮ್ಮ ಪ್ರಿಪೊಸಿಷನ್ ಲೇಖನದ ಬಗ್ಗೆ

ನಮಸ್ಕಾರ, ಲೇಖನ ಎರಡು ಸಲ ಓದ್ದೆ. ನೇರವಾಗೇ ಹೇಳ್ಬಿಡ್ತೀನಿ, ಈಗಿರೋ ಹಾಗೆ ಹಾಕೋಕಾಗಲ್ಲ.

ಪ್ರಯಾಣದ ಬಗ್ಗೆ ಇಂಗ್ಲಿಷಲ್ಲಿ ಮಾತಾಡುವಾಗ ಎಲ್ಲಿ ಯಾವ ಪ್ರಿಪೊಸಿಷನ್ (‘ಟು’, ‘ಇನ್’, ‘ಆನ್’ ಥರದ ಪುಟ್ಟ ಪದ) ಬರತ್ತೆ ಅಂತ 40 ಸಾಲಿನ ಪಟ್ಟಿ ಕೊಟ್ಟು, ಬಾಯಿಪಾಠ ಮಾಡಿ ಅಂದಿದ್ದೀರ. ಯಾರ್ರೀ ಮಾಡ್ತಾರೆ? ತಪ್ಪು ಎಲ್ಲಿಂದ ಹುಟ್ಟತ್ತೆ ಅನ್ನೋದನ್ನ ನೀವು ಮುಟ್ಟೇ ಇಲ್ಲ. ನಮ್ಮ ‘ಗೆ’ ಇದೆಯಲ್ಲ, ಕಳ್ಳ ಅದೇ. ಊರಿಗೆ ಹೋದೆ, ಊರಿಗೆ ಬಂದು ಸೇರಿದೆ, ಊರಿಗೆ ಭೇಟಿ ಕೊಟ್ಟೆ, ಮನೆಗೆ ಹೋದೆ, ಎಲ್ಲದಕ್ಕೂ ಅದೊಂದೇ ಸಾಕು ನಮಗೆ, ಆ ಅಭ್ಯಾಸಕ್ಕೆ ಇಂಗ್ಲಿಷಲ್ಲೂ ಸಿಕ್ಕಸಿಕ್ಕಲ್ಲಿ ‘ಟು’ ಅಂಟಿಸ್ಬಿಡ್ತೀವಿ. ‘ಗೋ’ಗೆ ‘ಟು’ ಸರಿ, ಆದ್ರೆ ‘ರೀಚ್’, ‘ವಿಸಿಟ್’ ಇವಕ್ಕೆ ಏನೂ ಬೇಡ, ‘ಅರೈವ್’ಗೆ ಸ್ಟೇಷನ್ ಏರ್‌ಪೋರ್ಟ್ ಥರದ ಜಾಗ ಆದ್ರೆ ‘ಅಟ್’, ಊರು ದೇಶ ಆದ್ರೆ ‘ಇನ್’, ಇನ್ನು ‘ಹೋಮ್’ ಬಂತು ಅಂದ್ರೆ ‘ಗೋ’ಗೂ ‘ಟು’ ಬೇಡ, ಬರೀ ‘ಗೋ ಹೋಮ್’. ಇಲ್ಲಿಂದ ಶುರು ಮಾಡಿ. ಅಂದಹಾಗೆ ನೀವು ಕೊಟ್ಟಿರೋ ಮೊದಲನೇ ಉದಾಹರಣೆನೇ ‘ವಿ ರೀಚ್ಡ್ ಟು ದಿ ಏರ್‌ಪೋರ್ಟ್’, ನೋಡ್ಕೊಂಡ್ರಾ?

‘ದೊಡ್ಡ ಗಾಡಿಗೆ ಆನ್, ಚಿಕ್ಕದಕ್ಕೆ ಇನ್’ ಅಂತ ಬರ್ದಿದ್ದೀರ. ಹಾಗಾದ್ರೆ ಸೈಕಲ್ ಕಥೆ ಏನು? ಒಳಗೆ ಎದ್ದು ಓಡಾಡ್ಬಹುದಾ ಅಂತ ಕೇಳಿ ನೋಡಿ, ಬಸ್ಸು, ಟ್ರೇನು, ವಿಮಾನ, ಹಡಗು ಎಲ್ಲಾ ‘ಆನ್’, ಕಾರು ಟ್ಯಾಕ್ಸಿ ‘ಇನ್’, ಸೈಕಲ್ಲು ಕುದುರೆ ಮೇಲೆ ಕೂರ್ತೀವಿ ಹಾಗಾಗಿ ‘ಆನ್’. ಇಳಿಯೋದೂ ಇದನ್ನೇ ಹಿಡ್ಕೊಂಡು ಬರತ್ತೆ, ಬಸ್ಸಿಂದ ‘ಗೆಟ್ ಆಫ್’, ಕಾರಿಂದ ‘ಗೆಟ್ ಔಟ್ ಆಫ್’. ನಾವು ಎರಡಕ್ಕೂ ಇಳಿದೆ ಅಂತೀವಿ, ಮುಗೀತು.

ನಿಜವಾಗ್ಲೂ ಇಷ್ಟ ಆಗಿದ್ದು ನಿಮ್ಮ 31ನೇ ಸಾಲು. ‘ಬೈ ಕಾರ್’ ಸರಿ, ‘ಬೈ ಮೈ ಕಾರ್’ ತಪ್ಪು, ನಡುವೆ ‘ಮೈ’ನೋ ‘ದಿ’ನೋ ನುಗ್ಗಿದ ತಕ್ಷಣ ‘ಬೈ’ ಜಾಗ ಖಾಲಿ ಮಾಡ್ಬೇಕು, ‘ಇನ್ ಮೈ ಕಾರ್’ ಆಗತ್ತೆ. ಇಷ್ಟು ಚೆನ್ನಾಗಿರೋದನ್ನ ಪಟ್ಟಿ ತಳದಲ್ಲಿ ಯಾಕೆ ಹೂತಿಟ್ರಿ? ಮೇಲೆ ತನ್ನಿ, ಜೊತೆಗೆ ‘ಬೈ ವಾಕ್’ ಅನ್ನೋ ತಪ್ಪನ್ನೂ ಸೇರಿಸಿ, ನಡ್ಕೊಂಡ್ ಹೋದೆ ಅನ್ನೋಕೆ ಎಷ್ಟೊಂದು ಜನ ಹಾಗನ್ತಾರೆ, ಅದು ‘ಆನ್ ಫುಟ್’ ಅಂತ ನೀವು ಎಲ್ಲೂ ಹೇಳಿಲ್ಲ.

ವ್ಯಾಕರಣದ ಮಹತ್ವದ ಬಗ್ಗೆ ಇರೋ ಮೊದಲ ಎರಡು ಪ್ಯಾರಾ ಪೂರ್ತಿ ತೆಗೀರಿ. 600 ಪದದೊಳಗೆ ತಂದು ಕಳ್ಸಿ, ಮತ್ತೆ ಓದ್ತೀನಿ.